ಸೊಸೆಯಾಗಲು ಹೋಗಿ ಗೌಡನಾದೆ

ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಕಾಲೇಜಿನ ನಾಟಕಕ್ಕೆ ಪಾತ್ರಧಾರಿಗಳನ್ನು ಆರಿಸುತ್ತಾರೆಂದು ತಿಳಿಯಿತು. ಊರ ಬಾವಿಗಾಗಿ ಜಗಳ ತೆಗೆಯುವ ಒಬ್ಬ ಗೌಡ, ಅವನನ್ನು ನಯವಾದ ಮಾತಿನಲ್ಲೇ ಸೋಲಿಸುವ ಸೊಸೆ, ಇಷ್ಟೇ ಕತೆ. ಸೊಸೆ ನಾನೇ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ. ಅಕ್ಕನ ಇಳಕಲ್ ಸೀರೆ ಉಟ್ಟು, ಘೋಣಸಗಿಯಿಂದ ಬಸ್ಸು ಹಿಡಿದು ವಿಜಯಪುರ ಮುಟ್ಟುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಸೊಸೆಯ ಮಾತುಗಳನ್ನು ನಾನೇ ಕಟ್ಟಿ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿ, "ಯಾರ ಕೂಡ ಮಾತಾಡಾಕತ್ತಿ ಯವ್ವಾ?" ಎಂದು ಕೇಳಿ, ತಿಕೋಟಾದಲ್ಲಿ ಸೀಟು ಖಾಲಿಯಾದ ಕೂಡಲೇ ಎದ್ದು ಹೋಗಿ ಬೇರೆ ಕಡೆ ಕುಳಿತಳು.

ನಾಟಕ ಮಾಡಿಸುತ್ತಿದ್ದವರು ಇತಿಹಾಸ ಕಲಿಸುವ ಸರ್. ಸಭಾಂಗಣದಲ್ಲಿ ಸೇರಿದ್ದ ಯಾರ ಕೈಗೂ ಅವರು ನಾಟಕದ ಮಾತು ಬರೆದ ಹಾಳೆ ಕೊಡಲಿಲ್ಲ. "ಓದಾಕ ಎಲ್ಲಾರಿಗೂ ಬರತೈತಿ. ಆ ಹಿಂದಿನ ಗ್ವಾಡಿ ಹತ್ತರ ನಿಮ್ಮ ಮನಿಯವರು ನಿಂತಾರ ಅಂತ ತಿಳಕೊಂಡು ಕರೀರಿ," ಎಂದರು.

ಮೊದಲು ಬಬಲೇಶ್ವರದ ಒಬ್ಬ ಹುಡುಗ ಹೋದ. ಎತ್ತರದ ಆಳು, ತುಂಬು ಮೀಸೆ. ಗೌಡನ ಪಾತ್ರ ಅವನದೇ ಎಂದು ಎಲ್ಲರೂ ಅಂದುಕೊಂಡಿದ್ದೆವು. ಅವನು "ಅಪ್ಪಾ, ಬಾರಪಾ" ಎಂದದ್ದು ಮುಂದಿನ ಸಾಲಿಗೂ ಸರಿಯಾಗಿ ಕೇಳಲಿಲ್ಲ.

ಆಮೇಲೆ ನನ್ನ ಸರದಿ. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಬೆಳೆದವಳು ನಾನು. ಸೀರೆ, ನಯ, ನಾಜೂಕು ಎಲ್ಲ ಮರೆತು, "ಯವ್ವಾ, ಎಮ್ಮಿ ಜ್ವಾಳದಾಗ ಹೊಕ್ಕಾವ ಬೇ!" ಎಂದು ಕೂಗಿದೆ. ತೊಲೆಯ ಮೇಲಿನ ಪಾರಿವಾಳಗಳು ಹಾರಿದವು. ಏನಾಯಿತೋ ಎಂದು ಆಫೀಸಿನವರು ಓಡಿ ಬಂದರು.

"ಗೌಡ ಸಿಕ್ಕ," ಎಂದರು ಸರ್.

ಎಲ್ಲರೂ ನಕ್ಕರು. ನನಗೆ ಅಳು ಬಂತು. "ಸರ್, ನಾ ಸೊಸಿ ಆಗಾಕ ಬಂದೇನ್ರಿ."

"ಸೊಸಿ ಆಗಾಕ ಭಾಳ ಮಂದಿ ಬಂದಾರ. ಧ್ವನಿ ನಿಂದು ಇರಲಿ, ಮೀಸಿ ನಾ ತರತೇನಿ."

ಮನೆಯಲ್ಲಿ ಹೇಗೆ ಹೇಳುವುದೆಂಬ ಚಿಂತೆ ಬೇರೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು: "ಮನ್ಯಾಗ ಮಾಡೂ ಗೌಡಕಿ ಸಾಲದಂತ ಅಲ್ಲೂ ನಡಸಾಕಿ ಏನ?"

ಬಬಲೇಶ್ವರದ ಹುಡುಗನಿಗೆ ಗೌಡನ ಆಳಿನ ಪಾತ್ರ ಸಿಕ್ಕಿತು. ಅವನು ಬೇಸರ ಮಾಡಿಕೊಳ್ಳುತ್ತಾನೆಂದು ನಾನು ಹೆದರಿದ್ದೆ. ಅವನೇ ಬಂದು, "ನೀ ಕೈತುಂಬ ಬಳಿ ಇಟ್ಟಗೊಂಡಂಗ ಕೈ ಬೀಸತಿ. ಗೌಡ ಹಂಗ ನಡಿಯಂಗಿಲ್ಲ," ಎಂದು ನಡೆದು ತೋರಿಸಿದ. ಧೋತರದ ತುದಿಯ ಚುಂಗು ಹಿಡಿಯುವುದನ್ನೂ ಕಲಿಸಿದ. ನಾನು ಅವನನ್ನು ಮೈದಾನದ ಆ ತುದಿಗೆ ನಿಲ್ಲಿಸಿ ಕೂಗಿಸುತ್ತಿದ್ದೆ. ಕೇಳಿದರೂ ಕೇಳಲಿಲ್ಲವೆಂದು ಕೈ ಆಡಿಸುತ್ತಿದ್ದೆ.

ಪ್ರದರ್ಶನ ಬಬಲೇಶ್ವರದಲ್ಲೇ, ಒಂದು ಸಂಜೆ. ಅವನ ಮನೆಯವರು, ಗೆಳೆಯರು ಎಲ್ಲ ಮುಂದೆ ಕುಳಿತಿದ್ದರು. ಬಾವಿಯ ಜಗಳದ ನಡುವೆ ನಾನು ಗುಡುಗಿದ ರಭಸಕ್ಕೆ ಮೀಸೆಯ ಒಂದು ಬದಿ ಕಿತ್ತು ಜೋತುಬಿತ್ತು. ಮುಂದಿನ ಮಾತು ಮರೆತೇಹೋಯಿತು. ಸೊಸೆಯಾಗಿದ್ದವಳು ಸೆರಗಿನಲ್ಲಿ ಮುಖ ಮುಚ್ಚಿ ನಗತೊಡಗಿದಳು.

ಆಗ ನನ್ನ ಆಳು ಮುಂದೆ ಬಂದು, ಕೊನೆಯ ಸಾಲಿಗೂ ಕೇಳುವಂತೆ ಕೂಗಿದ: "ಗೌಡ್ರ, ನಿಮ್ಮ ಸಿಟ್ಟಿಗೆ ಮೀಸಿನೂ ಹೆದರಿ ಓಡಾಕತ್ತೈತಿ, ಹಿಡ್ಕೋರಿ!"

ಜನ ಬಿದ್ದು ಬಿದ್ದು ನಕ್ಕರು. ನಾನು ಮೀಸೆಯನ್ನು ಬೆರಳಲ್ಲಿ ಒತ್ತಿ ಹಿಡಿದು, "ಲೇ, ನನ್ನ ಮೀಸಿ ಎಲ್ಲೂ ಹೋಗಂಗಿಲ್ಲ!" ಎಂದೆ. ಕೊನೆಯವರೆಗೂ ಅದನ್ನು ತಿರುವುತ್ತಲೇ ಜಗಳವಾಡಿ, ಸೊಸೆಯ ಮುಂದೆ ಗತ್ತಿನಿಂದಲೇ ಸೋತೆ.

ಪರದೆ ಬಿದ್ದ ಮೇಲೆ ಸರ್ ಆ ಹುಡುಗನ ಬೆನ್ನು ತಟ್ಟಿ, "ಇಷ್ಟ ದಿನಾ ಈ ಧ್ವನಿ ಎಲ್ಲಿ ಇಟ್ಟಿದ್ದಿ ಮಾರಾಯಾ?" ಎಂದರು. ಅವನು ನನ್ನತ್ತ ನೋಡಿ ನಕ್ಕ. ಮೊದಲ ದಿನದ ನನ್ನ ಅಳು ನೆನಪಾಗಿ ನನಗೂ ನಗು ಬಂತು.

ಮರುವರ್ಷ ಸರ್ ನನ್ನನ್ನು ಕರೆದು, "ಈ ಸಲ ನಾಯಕಿ ಮಾಡತಿ ಏನ?" ಎಂದು ಕೇಳಿದರು.

"ಅದು ಯಾರಿಗರೆ ಕೊಡ್ರಿ ಸರ್," ಎಂದೆ. "ವಕೀಲನ ಪಾತ್ರ ಐತಂತಲ್ಲ, ಅದು ನನಗ ಇರಲಿ."