ಗಿರಣಿಯಲ್ಲಿ ಸಿಕ್ಕ ವಾರಸುದಾರ

ಅಪ್ಪ ತೀರಿಕೊಂಡ ಮೇಲೆ ಹತ್ತಿಮತ್ತೂರಿನ ಹೊಲವನ್ನು ಅವ್ವನ ಹೆಸರಿಗೆ ಮಾಡಿಸಲು ವಾರಸಾ ಪತ್ರ ಬೇಕಾಯಿತು. ಊರಿನ ಹೊಲಗಳ ದಾಖಲೆ ನೋಡುವ ತಲಾಠಿ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತು, ಓಣಿಯವರನ್ನು ಕರೆಸಿ, ಸತ್ತವರಿಗೆ ಯಾರ್ಯಾರು ಇದ್ದಾರೆ ಎಂದು ಕೇಳಿದರು. ಹೆಂಡತಿ, ಮಗಳು ಎಂದರು ಎಲ್ಲರೂ.

“ಮಗ ಒಬ್ಬಾಂವ ಅದಾನ,” ಎಂದಳು ಅವ್ವ ಒಳಗಿನಿಂದ.

ನನ್ನ ಅಣ್ಣ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಜೊತೆ ಜಗಳಾಡಿ ಮನೆ ಬಿಟ್ಟವನು. ಆಮೇಲೆ ಒಂದು ಸುದ್ದಿಯೂ ಇರಲಿಲ್ಲ. ಅಪ್ಪನಿಗೆ ಬೆಂಕಿ ಕೊಡಲು ಕಾಕಾನ ಮಗನೇ ತಲೆ ಬೋಳಿಸಿಕೊಳ್ಳಬೇಕಾಯಿತು.

“ಬದುಕ್ಯಾನೋ ಇಲ್ಲೋ ಅದನ್ನರ ಹೇಳ್ರಿ ಯವ್ವಾ,” ಎಂದರು ತಲಾಠಿ. “ಸತ್ತಿದ್ರ ಮರಣದ ದಾಖಲೆ ಬೇಕು. ಇದ್ರ ಹೆಸರು ಹಾಕಬೇಕು.”

ಅವ್ವ ಒಳಗಿನ ಕದ ಮುಂದೆ ಮಾಡಿಕೊಂಡಳು. ತಲಾಠಿ ಇನ್ನೊಮ್ಮೆ ಬರುವುದಾಗಿ ಹೇಳಿ ಎದ್ದರು.

ಗೋವಿನಜೋಳದ ತೆನೆ ಬಿಡಿಸುವ ರಾಶಿ ಮಷೀನು ತೆಗೆದುಕೊಂಡು ಊರೂರು ತಿರುಗುವ ಪಕ್ಕದ ಮನೆಯವರು ಆ ವಾರವೇ ನನ್ನನ್ನು ಹಿತ್ತಿಲಿಗೆ ಕರೆದರು.

“ಅಂಜಬ್ಯಾಡ ತಂಗಿ. ನಿಮ್ಮಪ್ಪನ್ನ ಹಂಸಭಾವ್ಯಾಗ ನೋಡಿದೆ. ಹಿಟ್ಟಿನ ಗಿರಣ್ಯಾಗ ನಿಂತಿದ್ದ.”

ಅಪ್ಪನ ಹೆಣಕ್ಕೆ ಹೆಗಲು ಕೊಟ್ಟವರು ಇವರೇ.

ಮರುದಿನ ಹಾವೇರಿಯಲ್ಲಿ ಬಸ್ಸು ಬದಲಿಸಿ ಹಂಸಭಾವಿಗೆ ಹೋದೆ. ಸುಡುವ ಮಧ್ಯಾಹ್ನ. ಗಿರಣಿಯೊಳಗೆ ಒಬ್ಬ ಮನುಷ್ಯ ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದ. ರೆಪ್ಪೆಯವರೆಗೂ ಹಿಟ್ಟು ಹತ್ತಿ ಬೆಳ್ಳಗಾಗಿದ್ದ. ಎಡಗೈ ಸೊಂಟಕ್ಕಿಟ್ಟು, ಕುತ್ತಿಗೆ ಸ್ವಲ್ಪ ಓರೆ. ಅಪ್ಪ ನಿಲ್ಲುತ್ತಿದ್ದುದೇ ಹಾಗೆ. ವಯಸ್ಸು ಮಾತ್ರ ಅಪ್ಪನದಲ್ಲ.

“ಅಣ್ಣಾ,” ಎಂದೆ.

“ಯಾರು ಬೇಕಾಗಿತ್ರಿ?” ಧ್ವನಿಯೂ ಅಪ್ಪನದೇ.

“ಅಪ್ಪ ಹ್ವಾದ. ಹೊಲದ ವಾರಸಾಕ್ಕ ನಿನ್ನ ಹೆಸರು ಕೇಳ್ಯಾರ.”

ಅವನು ಗಿರಣಿ ಬಂದ್ ಮಾಡಿದ. ಬೆಲ್ಟು ತಿರುಗಿ ತಿರುಗಿ ನಿಂತಿತು.

“ನೀವು ದಾರಿ ತಪ್ಪಿ ಬಂದೀರಿ. ನಾ ಹುಟ್ಟಿದ್ದ ಈ ಊರಾಗ.”

ಅವನ ಹೆಂಡತಿ ನೀರು ತಂದುಕೊಟ್ಟಳು. ಅವನು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ತಲೆ ಬೋಳಾಗಿತ್ತು. ಕೂದಲು ಈಗಷ್ಟೇ ಚಿಗುರುತ್ತಿತ್ತು, ನಮ್ಮ ಕಾಕಾನ ಮಗನ ತಲೆಯ ಮೇಲೆ ಚಿಗುರಿದಷ್ಟೇ.

ನಾನು ನೋಡುತ್ತಿದ್ದುದನ್ನು ಕಂಡು ಆಕೆ ಅಂದಳು: “ಒಂದಿನ ಮುಂಜಾನೆ ಎದ್ದಾವ್ರ ಹೋಗಿ ಬೋಳಿಸ್ಕೊಂಡು ಬಂದ್ರು ನೋಡ್ರಿ. ಯಾಕಂತ ಕೇಳಿದ್ರ ಹೇಳ್ಳಿಲ್ಲ. ಇವರಿಗೆ ಹಿಂದಿಲ್ಲ ಮುಂದಿಲ್ಲ, ಯಾರೂ ಇಲ್ಲ.”

ಅಪ್ಪ ಹೋದದ್ದನ್ನು ಅವನಿಗೆ ಯಾರು ಹೇಳಿದ್ದರು? ಅವನೆಲ್ಲಿದ್ದಾನೆಂದೇ ನಮಗಾರಿಗೂ ಗೊತ್ತಿರಲಿಲ್ಲ.

ನಾನು ಹೊರಟಾಗ ಅವನು ಬಾಗಿಲವರೆಗೆ ಬಂದ. “ನಿಮ್ಮಣ್ಣ ಇಲ್ಲಂತ ಬರಸಿಬಿಡ್ರಿ,” ಎಂದ ಮೆಲ್ಲಗೆ. “ನಿಮಗೂ ಚಲೋ, ಅವಗೂ ಚಲೋ.”

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಅವ್ವ ಅಳಲಿಲ್ಲ. ತಲಾಠಿ ಮತ್ತೆ ಬಂದಾಗ ತಾನೇ ಕಟ್ಟೆಗೆ ಬಂದು ಕುಳಿತಳು.

“ನನ್ನ ಮಗ ಬದುಕ್ಯಾನ. ಹೆಸರು ಬರೀರಿ.”

ಸವಣೂರಿನ ತಾಲೂಕು ಕಚೇರಿಯಿಂದ ವಾರಸಾ ಪತ್ರ ಬಂತು. ಅವ್ವ, ಅಣ್ಣ, ನಾನು. ಅದರ ಝೆರಾಕ್ಸ್ ಹಿಡಿದು ಹಂಸಭಾವಿಗೆ ಹೋದರೆ ಗಿರಣಿಗೆ ಬೀಗ. ಎದುರಿನ ಚಹಾದಂಗಡಿಯವರು, “ನೀವು ಬಂದ್ಹೋದ ಮರುದಿನಾನ ಗಂಡ ಹೆಂಡ್ತಿ ಸಾಮಾನ ಹೇರ್ಕೊಂಡು ಹ್ವಾದ್ರು. ಎಲ್ಲಿಗಂತ ಯಾರಿಗೂ ಗೊತ್ತಿಲ್ಲ,” ಎಂದರು.

ಹೊಲ ಈಗ ಮೂವರ ಹೆಸರಿನಲ್ಲಿದೆ. ಈ ಸಲ ರಾಶಿಯಾದಾಗ ಅವ್ವ ಒಂದು ಚೀಲ ಗೋವಿನಜೋಳವನ್ನು ಅಣ್ಣನ ಪಾಲೆಂದು ಪಡಸಾಲೆಯಲ್ಲಿ ಬೇರೆ ಇಡಿಸಿದಳು. ಮರುವಾರ ಒಂದು ಮುಂಜಾನೆ ಎದ್ದು ನೋಡಿದರೆ ಚೀಲ ಇರಲಿಲ್ಲ.

“ಯಾರಿಗೆ ಕೊಟ್ಟಿ?” ಎಂದೆ.

“ನಾ ಯಾರಿಗೂ ಕೊಟ್ಟಿಲ್ಲ,” ಎಂದಳು ಅವ್ವ. ಚೀಲವಿದ್ದ ಜಾಗವನ್ನು ಅವಳು ಅಷ್ಟರಲ್ಲೇ ಗುಡಿಸಿಯೂ ಆಗಿತ್ತು. ಕಸಬರಿಗೆಯ ತುದಿಗೆ ಬಿಳಿ ಹಿಟ್ಟು ಹತ್ತಿತ್ತು.