ಯಾರೂ ಕೂರದ ಪೀಠ

ಹೋದ ಭಾನುವಾರ ಗುಳೇದಗುಡ್ಡದ ನಮ್ಮ ಚರ್ಚಿನ ಹಿಂದಿನ ಕೋಣೆ ತೆಗೆದಾಗ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಮೂಲೆಯಲ್ಲಿ ಅದೇ ಕುರ್ಚಿ. ಅದರ ಹಿಂದೆಯೇ ಉಪದೇಶಿ ನೆನಪಾದರು... ಫಾದರ್ ಇಲ್ಲದ ದಿನ ನಮಗೆ ಪ್ರಾರ್ಥನೆ ಹೇಳಿಕೊಡುತ್ತಿದ್ದವರು. ಸತ್ತವರನ್ನು ಬೈಯಬಾರದು ಅಂತಾರೆ. ನಾನು ಬೈಯುತ್ತೇನೆ.

ಸುಲ್ತಾನರ ಕಾಲದಲ್ಲಿ ಈ ಸೀಮೆಯ ಚರ್ಚುಗಳೆಲ್ಲ ಸೇರಿ ಒಂದು ಧರ್ಮಕ್ಷೇತ್ರ, ಅದಕ್ಕೆ ತನ್ನದೇ ಬಿಷಪ್ಪರು ಇದ್ದರಂತೆ. ರಾಜ್ಯಗಳು ಅಳಿದವು, ಗಡಿಗಳು ಸರಿದವು, ನಾವು ದೂರದ ಒಬ್ಬ ಬಿಷಪ್ಪರ ಕೈಯಿಂದ ಇನ್ನೊಬ್ಬರ ಕೈಗೆ ಹೋದೆವು. ಆ ಹಳೆಯ ಧರ್ಮಕ್ಷೇತ್ರವನ್ನು ಮತ್ತೆ ಎಬ್ಬಿಸುವುದೇ ಉಪದೇಶಿಯ ಹುಚ್ಚು. ಬಾದಾಮಿ, ಇಳಕಲ್ಲು, ಹುನಗುಂದ ಎಂದು ಮನೆ ಮನೆ ತಿರುಗಿದರು. 'ಬಿಷಪ್ಪರ ಪೀಠ ಇಲ್ಲದೆ ಧರ್ಮಕ್ಷೇತ್ರ ಎಲ್ಲಿಂದ ಬರಬೇಕು' ಎಂದು ಯಾರೋ ದೊಡ್ಡ ಫಾದರ್ ಹೇಳಿದ್ದೇ ತಡ, ಈ ಪುಣ್ಯಾತ್ಮ ಬಡಿಗೇರನ ಹತ್ತಿರ ಹೋಗಿ ಒಂದು ಕುರ್ಚಿ ಮಾಡಿಸಿಬಿಟ್ಟರು.

ಅದರ ಮೆತ್ತೆಗೆ ನಮ್ಮ ಆಯಿಯ, ಅಂದರೆ ಅಜ್ಜಿಯ, ಖಣ ಬೇಕಾಯಿತು. ನನ್ನ ಮದುವೆಯ ಕುಪ್ಪಸಕ್ಕೆಂದು ಅವಳು ತನ್ನ ಮಗ್ಗದಲ್ಲಿ ನೇಯ್ದಿಟ್ಟಿದ್ದ ಖಣ ಅದು. ಬಿಷಪ್ಪರಿಗೆ ಅಂದೊಡನೆ ಕರಗಿ ಕೊಟ್ಟಳು. ನನಗೆ ಮೈಯೆಲ್ಲ ಉರಿಯಿತು.

ಆ ವರ್ಷದ ಶುಭ ಶುಕ್ರವಾರ, ನಿಂತು ಕೇಳುವ ಉದ್ದನೆಯ ಬೈಬಲ್ ಪಾಠದ ನಡುವೆ ಆಯಿಗೆ ಕಣ್ಣಿಗೆ ಕತ್ತಲೆ ಬಂತು. ನಾನು ಆ ಕುರ್ಚಿಯನ್ನೇ ಎಳೆದು ಕೂರಿಸಹೋದೆ. ಉಪದೇಶಿ ಓಡಿಬಂದು ಕೈ ಅಡ್ಡ ಹಿಡಿದರು.

"ಏಯ್, ಅದು ಪೀಠ ಐತಿ. ಮುದುಕೀನ ಹೊರಗ ಕರಕೊಂಡ ಹೋಗು."

ಊರಿಗೆ ಊರೇ ನೋಡುತ್ತಿತ್ತು. ಆಯಿ ನನ್ನ ಭುಜ ಹಿಡಿದು, "ನಡಿಯವ್ವಾ. ಕೈಲೆ ನೇಯ್ದದ್ದನ್ನ ಕುಂಡಿಲೆ ಮುಟ್ಟಬಾರದಂತ," ಎಂದು ನಕ್ಕಳು. ಹೊರಗೆ ಕಾದ ಕಟ್ಟೆಯ ಮೇಲೆ ಕೂತಾಗ ನಗು ಇರಲಿಲ್ಲ... ಆಮೇಲೆ ಅವಳು ಚರ್ಚಿನ ಒಳಗೆ ಕಾಲಿಡಲೇ ಇಲ್ಲ. ಒಳಗೆ ಬಂದದ್ದು ಹೆಣದ ಪೆಟ್ಟಿಗೆಯಲ್ಲೇ.

ಬಿಷಪ್ಪರು ಒಮ್ಮೆ ಬಂದದ್ದೂ ಹೌದು. ಕುರ್ಚಿ ನೋಡಿ, "ನನ್ನ ಪೀಠ ಬೇರೆ ಊರಲ್ಲಿದೆ, ಇದರ ಮೇಲೆ ಕೂತರೆ ತಪ್ಪಾಗುತ್ತದೆ" ಎಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಉಪದೇಶಿಯ ಮುಖ ನೋಡಿ ಎಲ್ಲರೂ ಅಯ್ಯೋ ಅಂದರು. ನಾನು ಅನ್ನಲಿಲ್ಲ. ಈಗಲೂ ಅನ್ನುವುದಿಲ್ಲ.

ಈಗ ಹೊಸ ಫಾದರ್‌ಗೆ ಅದೇ ಹುಚ್ಚು ಹತ್ತಿದೆ. ಅದಕ್ಕೇ ಕೋಣೆ ತೆಗೆಸಿದ್ದು.

"ಅಕ್ಕಾರ, ಮತ್ತ ಅರ್ಜಿ ಹಾಕೂದೈತ್ರಿ. ಇದಕ್ಕೊಂದು ಹೊಸಾ ಖಣ ಕೊಡ್ರಿ," ಅಂದರು.

"ಹೊಸಾದು ಕೊಡಂಗಿಲ್ರಿ. ಹಳೇದು ಒಯ್ತೇನಿ," ಅಂದೆ.

ಅವರ ಎದುರಿಗೇ ಮೊಳೆ ಕಿತ್ತು ಬಟ್ಟೆ ಬಿಚ್ಚಿದೆ. ಆಯಿಯ ಮಗ್ಗ ಎಂದೋ ಒಲೆ ಸೇರಿದೆ; ಅವಳ ಕೈ ನೇಯ್ಗೆಯಲ್ಲಿ ಉಳಿದದ್ದು ಇದೊಂದೇ. ಮನೆಗೆ ತಂದು ತೊಡೆಯ ಮೇಲೆ ಹರವಿದೆ. ಅಂಚಿಗೆ ಮೊಳೆಯ ತುಕ್ಕು ಹತ್ತಿದೆ. ನಡುವೆ ಮಾತ್ರ ಒಂದು ಸುಕ್ಕೂ ಇಲ್ಲ. ಯಾರೂ ಕೂತಿಲ್ಲವಲ್ಲ.