ಕುಂಕುಮ ಹಚ್ಚಿದ ಚೆಂಡು

ನಮ್ಮ ಫುಟ್‌ಬಾಲ್ ತಂಡ ಮೂರು ವರ್ಷ ಆಡಿತು, ಒಂದೇ ಒಂದು ಮ್ಯಾಚ್ ಗೆದ್ದಿತು. ಆ ಮ್ಯಾಚಿನ ಏಕೈಕ ಗೋಲು ಹೊಡೆದವನು ನಾನೇ ಎಂದು ಆರು ವರ್ಷ ನಂಬಿದ್ದೆ. ಸಿಕ್ಕಿದವರಿಗೆಲ್ಲ ಹೇಳಿಕೊಂಡೂ ತಿರುಗಿದ್ದೆ. ಎಲ್ಲರಿಗಿಂತ ಹೆಚ್ಚಾಗಿ ಮಗಳಿಗೆ.

ಹ್ಯೂಸ್ಟನ್ನಿನಲ್ಲಿ, ಎನರ್ಜಿ ಕಾರಿಡಾರ್ ಎನ್ನುವ ಕಡೆಯ ತೈಲ ಕಂಪನಿಗಳ ಆಫೀಸುಗಳ ಹಿಂದೆ, ಇಂಗ್ಲೆಂಡಿನವನೊಬ್ಬ ನಡೆಸುತ್ತಿದ್ದ ಪಬ್ ಇತ್ತು. ಅವನ ಊರಿನ ಮ್ಯಾಚುಗಳು ಇಲ್ಲಿ ಬೆಳಗ್ಗೆ ಟೀವಿಯಲ್ಲಿ ಬರುತ್ತಿದ್ದುದರಿಂದ ಶನಿವಾರ ಬೇಗನೆ ಬಾಗಿಲು ತೆರೆಯುತ್ತಿದ್ದ. ಪಕ್ಕದ ಕೇಟಿ ಎಂಬ ಊರಿನ ನಾವು ಹತ್ತು ಹನ್ನೆರಡು ಜನ ಕನ್ನಡಿಗರು ಅಲ್ಲಿ ಸೇರುತ್ತಿದ್ದೆವು. ಅರ್ಧ ಜನ ಕುಡಿಯುತ್ತಿದ್ದುದು ನಿಂಬೆ ಸೋಡಾ. ಸುತ್ತಲಿನ ಪಬ್‌ಗಳ ತಂಡಗಳು ಭಾನುವಾರ ತಮ್ಮತಮ್ಮೊಳಗೆ ಆಡುತ್ತಿದ್ದವು. ಈ ಪಬ್‌ನವನ ತಂಡದವರು ಒಬ್ಬೊಬ್ಬರಾಗಿ ಬೇರೆ ಊರಿಗೆ ಹೋದ ಮೇಲೆ ಒಂದು ದಿನ ನಮ್ಮ ಕಡೆ ನೋಡಿ, ಇಷ್ಟು ಕೂಗಾಡುವವರು ಒಂದಿಷ್ಟು ಓಡಲೂಬಹುದಲ್ಲ ಎಂದ. ಹಾಗೆ ತಂಡವಾಯಿತು. ನಾವೆಲ್ಲ ಕ್ರಿಕೆಟ್ ಆಡಿ ಬೆಳೆದವರು. ಮೈಸೂರಿನಲ್ಲಿ ಸ್ಲಿಪ್‌ನಲ್ಲಿ ಕ್ಯಾಚ್ ಹಿಡಿಯುತ್ತಿದ್ದವನು ಎಂಬ ಒಂದೇ ಅರ್ಹತೆಯ ಮೇಲೆ ಒಬ್ಬನನ್ನು ಗೋಲ್‌ಕೀಪರ್ ಮಾಡಿದೆವು. ಏಳು ಗೋಲಿನಿಂದ ಸೋತ ವಾರ, ಹೋದ ವಾರ ಎಂಟಾಗಿತ್ತಲ್ಲ ಎಂದು ಸಮಾಧಾನಪಡುತ್ತಿದ್ದೆವು.

ಎರಡನೆಯ ವರ್ಷದ ದಸರಾದಲ್ಲಿ ಆ ಗೆಲುವು ಬಂತು. ತಂಡದ ಹಿಂಬದಿಯಲ್ಲಿ ಆಡುತ್ತಿದ್ದ ಧಾರವಾಡದ ಗೆಳೆಯನ ಮನೆಯಲ್ಲಿ ಆ ಶನಿವಾರ ಆಯುಧಪೂಜೆ. ಅವನ ಹೆಂಡತಿಯನ್ನು ಅವರ ಕಡೆಯ ರೂಢಿಯಂತೆ ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆವು. ಗರಾಜಿನಲ್ಲಿ ಎರಡು ಕಾರು, ಲ್ಯಾಪ್‌ಟಾಪು, ಮಿಕ್ಸಿ ಎಲ್ಲಕ್ಕೂ ಪೂಜೆಯಾಯಿತು. ಜೊತೆಗೆ ಅಲ್ಲೇ ಇದ್ದ ತಂಡದ ಚೆಂಡಿಗೂ. ಕುಂಕುಮ ಉದುರಬಾರದೆಂದು ವೈನಿ ಅದನ್ನು ನೀರಿನಲ್ಲಿ ಕಲಸಿ ದಪ್ಪಗೆ ಬಳಿದಿದ್ದರು. ಮಾರನೆಯ ಬೆಳಗ್ಗೆ ಮೈದಾನಕ್ಕೆ ಬಂದು ನಮ್ಮ ಹಣೆಗಳಿಗೂ ಹಚ್ಚಿದರು.

ಚೆಂಡು ನೋಡಿದ ರೆಫರಿ, ರಕ್ತವೇ ಎಂದು ಕೇಳಿದ. ದೇವರದು ಎಂದೆವು. ಹುಲ್ಲಿನ ಮೇಲೆ ಉಜ್ಜಿ ಆಟ ಶುರುಮಾಡಿಸಿದ. ಹೊಲಿಗೆಯಲ್ಲಿ ಉಳಿದಿದ್ದ ಕೆಂಪು ಇಬ್ಬನಿಗೆ ನೆನೆದು, ಚೆಂಡು ತಗುಲಿದಲ್ಲೆಲ್ಲ ಗುರುತು ಬಿಡುತ್ತಿತ್ತು. ಆಟದ ಕೊನೆಯಲ್ಲಿ ನಮಗೊಂದು ಕಾರ್ನರ್ ಕಿಕ್ ಸಿಕ್ಕಿತು. ಚೆಂಡು ಬಂತು, ಹತ್ತು ಜನ ಒಟ್ಟಿಗೆ ನುಗ್ಗಿದರು, ನಾನು ಕಣ್ಣು ಮುಚ್ಚಿ ಹಾರಿದೆ. ಕಣ್ಣು ತೆರೆದಾಗ ಚೆಂಡು ಬಲೆಯಲ್ಲಿತ್ತು. ಯಾರೋ ನನ್ನ ಹಣೆ ತೋರಿಸಿ, "ಕೆಂಪು ನೋಡ್ರೋ, ಇವನ್ದೇ!" ಎಂದು ಕೂಗಿದರು. ನನ್ನನ್ನು ಎತ್ತಿ ಕುಣಿಸಿದರು. ಮೊದಲ ಸಲ ಆಟ ನೋಡಲು ಬಂದಿದ್ದ ಆರು ವರ್ಷದ ಮಗಳು ಮೈದಾನದೊಳಕ್ಕೇ ಓಡಿ ಬಂದಳು. ಪಬ್‌ನವನು ಆ ಚೆಂಡನ್ನು ತನ್ನ ಬಾಟಲಿಗಳ ಮೇಲಿನ ಹಲಗೆಯಲ್ಲಿಟ್ಟ.

ತೈಲದ ಬೆಲೆ ಬಿದ್ದು ಕಂಪನಿಗಳಲ್ಲಿ ಕೆಲಸ ಹೋಗತೊಡಗಿದಾಗ ತಂಡ ಚದುರಿತು. ಧಾರವಾಡದವನು ಡಲ್ಲಾಸ್ ಕಡೆ ಲಿಟಲ್ ಎಲ್ಮ್‌ಗೆ, ಗೋಲ್‌ಕೀಪರ್ ಆಸ್ಟಿನ್‌ಗೆ ಶಿಫ್ಟ್ ಆದರು. ಕೊನೆಗೆ ಪಬ್ಬೂ ಮುಚ್ಚಿತು. ಯಜಮಾನ ನನ್ನನ್ನು ಕರೆದು, ಗೋಲು ನಿನ್ನದು, ಚೆಂಡೂ ನಿನ್ನದೇ ಎಂದು ಕೊಟ್ಟ. ಸುದ್ದಿ ಕೇಳಿದ ಗೋಲ್‌ಕೀಪರ್ ಎಲ್ಲರನ್ನೂ ಆಸ್ಟಿನ್ನಿಗೆ ಊಟಕ್ಕೆ ಕರೆದ. ಚೆಂಡು ತರಬೇಕು, ತಂಡದ ಚರಿತ್ರೆ ಬರೆದು ಓದಬೇಕು ಎಂದು ನನಗೆ ಅಪ್ಪಣೆಯಾಯಿತು.

ಬರೆಯಲು ಕೂತಾಗ ಆ ದಿನದ ಫೋಟೋ ಹುಡುಕಿ ತೆಗೆದೆ. ಮ್ಯಾಚಿಗೆ ಮುಂಚೆ ತೆಗೆದದ್ದು. ಅದರಲ್ಲಿ ಎಲ್ಲರ ಹಣೆಯೂ ಕೆಂಪು, ನನ್ನದೂ. ಅಂದರೆ ಚೆಂಡು ತಗುಲಿದ್ದಕ್ಕೆ ನಾನು ನಂಬಿದ್ದ ಒಂದೇ ಸಾಕ್ಷಿ ಆಟಕ್ಕೆ ಮೊದಲೇ ಅಲ್ಲಿತ್ತು. ಚೆಂಡು ಬಡಿದ ನೋವಾದರೂ ನೆನಪಿದೆಯೇ ಎಂದು ಕೇಳಿಕೊಂಡೆ. ನೆನಪಿದ್ದುದು ನೋವಲ್ಲ, ನೋವಾಯಿತು ಎಂದು ನಾನು ಹೇಳುತ್ತ ಬಂದ ಮಾತು. ಮಗಳು ಈ ಗೋಲಿನ ಬಗ್ಗೆ ಶಾಲೆಯಲ್ಲಿ ಪ್ರಬಂಧ ಬರೆದಿದ್ದಳು.

ಮಗಳನ್ನೂ ಕರೆದುಕೊಂಡು ಆಸ್ಟಿನ್ನಿಗೆ ಹೋದೆ. ಊಟ ಮುಗಿದ ಮೇಲೆ ಚರಿತ್ರೆ ಓದಿದೆ. ಗೋಲಿನ ಜಾಗಕ್ಕೆ ಬಂದಾಗ ನಿಲ್ಲಿಸಿ, ಫೋಟೋ ತೋರಿಸಿ, ನನ್ನ ಅನುಮಾನ ಹೇಳಿಬಿಟ್ಟೆ. ಎಲ್ಲರೂ ನಕ್ಕರು. ವೈನಿ ನಗಲಿಲ್ಲ.

"ಹಂಗಾರ ಅವತ್ತಿನ ಆ ಚಡ್ಡಿ ಕಲೀ ಆ ಗೋಲಿಂದೇ ಏನು?" ಎಂದು ಗಂಡನತ್ತ ತಿರುಗಿದರು.

"ಏ, ಸುಮ್ಮನಿರ ನೀ," ಎಂದ ಗೆಳೆಯ.

"ಯಾಕ ಸುಮ್ಮನಿರ್ಲಿ? ಬಿಳೇ ಚಡ್ಡಿ. ಹಿಂದ ಇಷ್ಟಗಲ ಕೆಂಪು. ಮೂರು ಸಲ ಒಗದ್ರೂ ಹೋಗ್ಲಿಲ್ಲ. ಕೇಳಿದ್ರ, ಚೆಂಡು ಬಡದೈತಿ ಅಂದಿದ್ರಿ."

ಗೋಲ್‌ಕೀಪರ್ ಎದ್ದು ನಿಂತ. "ಅಂದ್ರೆ ಮೂರು ವರ್ಷಕ್ಕೆ ನಾವು ಗೆದ್ದಿದ್ದು ಒಂದು ಮ್ಯಾಚು, ಅದೂ ಇವನ ಕುಂಡಿಯಿಂದನಾ ಗುರೂ?"

"ನಾ ಬಗ್ಗಿ ಬಿದ್ದಿದ್ದೆ," ಎಂದ ಗೆಳೆಯ. "ಹಿಂದ ಏನೋ ಬಡೀತು. ಎದ್ದು ನೋಡೂದ್ರಾಗ ಇವನ್ನ ಎತ್ತಿ ಕುಣಸಾಕತ್ತಿದ್ರು. ಕುಂಡೀಲೆ ಗೋಲ್ ಹೊಡದೆ ಅಂತ ಡಂಗುರ ಹೊಡಸ್ಲೇನು?"

ಗದ್ದಲ ಇಳಿದ ಮೇಲೆ ಹಿತ್ತಲಿನಲ್ಲಿ ಧಾರವಾಡದವನೊಬ್ಬನೇ ಸಿಕ್ಕ.

"ನಾಚಿಕೆಗೇನಾ ಇಷ್ಟು ವರ್ಷ ಸುಮ್ಮನಿದ್ದಿದ್ದು?" ಎಂದು ಕೇಳಿದೆ.

"ನಿನ್ನ ಹುಡುಗಿ ಅಪ್ಪಾ ಅಂತ ಓಡಿ ಬಂತಲ್ಲೋ. ಅದರ ಮುಂದ ಏನ್ ಹೇಳೂದು?"

ಕಲೆಯೂ ಪೂರ್ತಿ ಸಾಕ್ಷಿಯಲ್ಲ. ಅವನಿಗೆ ವಿರಾಮದಲ್ಲಿ ಚೆಂಡಿನ ಮೇಲೆ ಕೂರುವ ಅಭ್ಯಾಸವಿತ್ತು. ಅವನೇ ಅದನ್ನು ನೆನಪಿಸಿ, ಚೆಂಡು ನೀನೇ ಇಟ್ಟುಕೋ ಎಂದ. ಆದರೂ ಹೊರಡುವಾಗ ನಾನು ಅದನ್ನು ವೈನಿಯ ಕೈಗೆ ಕೊಟ್ಟೆ. ಅವರೇನೂ ಬೇಡವೆನ್ನಲಿಲ್ಲ.

"ಪೂಜಿ ಮಾಡಿದಾಕಿ ನಾ. ಮೊದಲ ನನಗ ಬರಬೇಕಿತ್ತಿದು," ಎಂದರು.

ಬಾಗಿಲ ಬಳಿ ಐಸ್‌ಕ್ರೀಮಿನ ಬಟ್ಟಲು ಹಿಡಿದು ನಿಂತಿದ್ದ ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೇಟಿಗೆ ವಾಪಸಾಗುವಾಗ ಕಾರಿನಲ್ಲಿ, "ಸೋ ಯು ಡೋಂಟ್ ನೋ?" ಎಂದಳು.

"ಗೊತ್ತಿಲ್ಲ ಪುಟ್ಟ. ನನ್ನದಲ್ಲ ಅನ್ಸುತ್ತೆ."

"ಐ ನೆವರ್ ಸಾ ದ ಬಾಲ್, ಅಪ್ಪ. ಐ ಜಸ್ಟ್ ಸಾ ಯು ಜಂಪ್. ಸೋ ಹೈ."

ನಾನು ಹಾರಿದ್ದು ಒಂದು ಗೇಣಿರಬಹುದು. ಅದನ್ನು ತಿದ್ದಲು ಹೋಗಲಿಲ್ಲ.

ಮನೆಗೆ ಬಂದು ಚರಿತ್ರೆಯ ಆ ಸಾಲು ಬದಲಿಸಿ ತಂಡದ ವಾಟ್ಸಾಪ್ ಗುಂಪಿಗೆ ಕಳಿಸಿದೆ: ಗೋಲು ಹೊಡೆದವನು ಬಹುಶಃ ನಮ್ಮ ಧಾರವಾಡದವನು. ಲಿಟಲ್ ಎಲ್ಮ್‌ನ ದಾರಿಯಲ್ಲೇ ಇದ್ದ ವೈನಿಯಿಂದ ಕೂಡಲೇ ಮೆಸೇಜು ಬಂತು: "'ಬಹುಶಃ' ತಗೀರಿ."

ತೆಗೆದೆ.